ತುಂಬೆ ಹೂ ಕಪ್ಪಾಗಿ ಬಂತು

ಹಿಂದಿನ ಎರಡು ಭಾನುವಾರ ದೇವರಾಯನದುರ್ಗದ ತಪ್ಪಲಲ್ಲಿ ತೆಗೆದ ಹೂಗಳ ನೇರಳಾತೀತ ಫೋಟೋಗಳನ್ನೆಲ್ಲ (ನಮ್ಮ ಕಣ್ಣಿಗೆ ಕಾಣದ, ಜೇನ್ನೊಣಕ್ಕೆ ಕಾಣುವ ಅಲ್ಟ್ರಾವೈಲೆಟ್ ಬೆಳಕಿನವು) ಅಳಿಸಿದೆ. ಹೂಗಳು ಸೊಗಸಾಗಿಯೇ ಬಂದಿದ್ದವು, ತಪ್ಪು ತೋರಿಸಿಕೊಟ್ಟಿದ್ದು ಎಲೆಗಳು. ಹಸಿರೆಲೆ ನೇರಳಾತೀತವನ್ನು ಹೀರುತ್ತದೆ, ಚಿತ್ರದಲ್ಲಿ ಕಪ್ಪಾಗಿ ಬರಬೇಕು. ನನ್ನ ಚಿತ್ರಗಳಲ್ಲಿ ಹಿಮ ಬಿದ್ದ ಹಾಗೆ ಬೆಳ್ಳಗಿದ್ದವು. ಅಂದರೆ ನೇರಳಾತೀತವನ್ನಷ್ಟೇ ಬಿಡಬೇಕಾದ ಫಿಲ್ಟರ್, ಎಲೆಗಳು ಜೋರಾಗಿ ಪ್ರತಿಫಲಿಸುವ ಅವಕೆಂಪನ್ನೂ (ಇನ್‌ಫ್ರಾರೆಡ್) ಸೋರಿಸುತ್ತಿದೆ. ಇವೆರಡನ್ನೂ ತಡೆಯುವ, ಸೆನ್ಸರ್ ಮುಂದಿನ ಗಾಜನ್ನು ತೆಗೆಸಿದ ಕ್ಯಾಮೆರಾ ಅವಕೆಂಪಿಗೆ ಬಲು ಚುರುಕು, ನೇರಳಾತೀತಕ್ಕೆ ಮಂದ. ಚೂರು ಸೋರಿದರೂ ಚಿತ್ರವೆಲ್ಲ ಅದರದೇ ಆಗಿಬಿಡುತ್ತದೆ. ಈಗ ನೇರಳಾತೀತ ಬಿಡುವ ಝಡ್‌ಡಬ್ಲ್ಯೂಬಿ2 ಗಾಜಿಗೆ ಅವಕೆಂಪು ತಡೆಯುವ ಕ್ಯೂಬಿ39 ಗಾಜು ಜೋಡಿಸಿದ್ದೇನೆ. ಎಲೆ ಕಪ್ಪಾಯಿತು, ಎಕ್ಸ್‌ಪೋಷರ್ (ಬೆಳಕು ಒಳಬಿಡುವ ಹೊತ್ತು) ಮಾತ್ರ ನಾಲ್ಕು ಸೆಕೆಂಡಿಗೆ ಏರಿತು.

ನಾಲ್ಕು ಸೆಕೆಂಡು ಹೂವನ್ನು ಅಲುಗದಂತೆ ನಿಲ್ಲಿಸುವುದೇ ದೊಡ್ಡ ಪಾಡು. ಬೆಳಗಿನ ಜಾವ ಗಾಳಿಯಿಲ್ಲ, ಆದರೆ ಆಗ ಬಿಸಿಲು ವಾತಾವರಣದಲ್ಲಿ ಬಹುದೂರ ಹಾದು ಬರುವುದರಿಂದ ನೇರಳಾತೀತ ನಮಗೆ ತಲುಪುವುದೇ ಕಡಿಮೆ. ಅದು ಹೇರಳವಾಗಿ ಸಿಗುವ ನಡುಹಗಲಿಗೆ ಗಾಳಿ ಎದ್ದಿರುತ್ತದೆ. ಮೂರು ಕಡೆ ಥರ್ಮಾಕೋಲ್ ನಿಲ್ಲಿಸಿ, ಕಾಂಡಕ್ಕೆ ಬಟ್ಟೆ ಕ್ಲಿಪ್ಪು ಹಾಕಿ, ಹನ್ನೊಂದೂವರೆಗೆ ಕೂತೆ.

ಈ ಸಲ ತುಂಬೆ. ಶಿವನಿಗೆ ಏರಿಸುವ, ಹಾಲಿನಂಥ ಬಿಳಿ ಹೂ. ಮಾಮೂಲಿ ಬೆಳಕಿನಲ್ಲೊಂದು, ಕ್ಯಾಮೆರಾ ಕದಲಿಸದೆ ನೇರಳಾತೀತದಲ್ಲೊಂದು ಫೋಟೋ ತೆಗೆದೆ. ಎರಡನೆಯದರಲ್ಲಿ ಹೂ ಎಲೆಯಷ್ಟೇ ಕಪ್ಪು. ಬೆಳಕು ಸಾಲಲಿಲ್ಲವೇನೋ ಅಂತ ಅನುಮಾನ ಬಂತು. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ನಾಲ್ಕಾರು ಪದರ ಮಡಚಿ ಹೂವಿನ ಪಕ್ಕ ಇಟ್ಟೆ. ಟೆಫ್ಲಾನ್ ನೇರಳಾತೀತವನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ಮತ್ತೆ ತೆಗೆದಾಗ ಟೇಪು ಬೆಳ್ಳಗೆ, ತುಂಬೆ ಕಪ್ಪಗೆ! ಬಿಳಿ ಹೂಗಳಲ್ಲಿ ಬಹುಪಾಲು ಹೀಗೆ ನೇರಳಾತೀತವನ್ನು ಹೀರುವಂಥವೇ ಎಂದು ಓದಿದ್ದೆ. ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಜೇನ್ನೊಣದ ಕಣ್ಣಿಗೆ ನೇರಳಾತೀತ, ನೀಲಿ, ಹಸಿರು ಇವೇ ಮೂರು ಮೂಲಬಣ್ಣ. ಮೊದಲನೆಯದು ಕಳೆದರೆ ಉಳಿಯುವುದು ನೀಲಿ-ಹಸಿರು. ನಾವು ಬಿಳಿ ಅನ್ನುವ ತುಂಬೆ ಅದಕ್ಕೆ ಬಿಳಿಯಲ್ಲ.

ಹಾಗಂತ ಇದನ್ನು ಜೇನಿನ ನೋಟ ಅಂತ ಕರೆಯಲಾರೆ. ನನ್ನ ಹಳೆಯ ಎನ್‌ಲಾರ್ಜರ್ (ಫಿಲ್ಮಿನಿಂದ ಫೋಟೋ ದೊಡ್ಡದು ಮಾಡುವ ಯಂತ್ರ) ಲೆನ್ಸು, ಫಿಲ್ಟರು ಸೇರಿ ಹಿಡಿಯುವುದು ಹೆಚ್ಚಾಗಿ 365 ನ್ಯಾನೋಮೀಟರ್ ಆಸುಪಾಸನ್ನು. ಜೇನ್ನೊಣದ ಕಣ್ಣಿನಲ್ಲಿ ನೇರಳಾತೀತ ಗ್ರಹಿಸುವ ಕೋಶ ಅತಿ ಚುರುಕಾಗಿರುವುದು 344ರ ಹತ್ತಿರ. ಕ್ಯಾಮೆರಾ ತೋರಿಸುವ ಹಳದಿ, ನೇರಳೆಗಳೂ ಸೆನ್ಸರಿನ ಸೃಷ್ಟಿಯೇ, ಹಾಗಾಗಿ ಎಲ್ಲವನ್ನೂ ಕಪ್ಪು-ಬಿಳುಪಿಗೆ ತಿರುಗಿಸಿ ಇಡುತ್ತಿದ್ದೇನೆ.

ಮುಂದಿನ ವಾರ ತಂಗಡಿ ಹೂ. ಅದರಲ್ಲಿ ಕೇಸರಗಳು ಎರಡು ಬಗೆ: ದುಂಬಿಗೆ ಉಣ್ಣಲು ಕೊಡುವ ಗಿಡ್ಡವು, ಅದರ ಮೈಗೆ ಪರಾಗ ಸವರುವ ಉದ್ದನೆಯವು. ನೇರಳಾತೀತದಲ್ಲಿ ಇವೆರಡೂ ಬೇರೆ ಬೇರೆಯಾಗಿ ಕಾಣುತ್ತವೆಯೇ ಅಂತ ನೋಡಬೇಕು.