ಇಂಗ್ಲೆಂಡಿನ ಹೊಲಕ್ಕೆ ಇಳಿಯುವ ಪಾರಿವಾಳ

ಇಂಗ್ಲೆಂಡಿನ ಹೊಲಗಳಲ್ಲಿ ಪಾರಿವಾಳ ಹೊಡೆಯುತ್ತಾರೆ ಅಂದರೆ ನಮ್ಮವರಿಗೆ ಬರೀ ಮೋಜು ಅನಿಸುತ್ತದೆ. ಮೋಜು ಇಲ್ಲ ಅಂತಲ್ಲ, ಆದರೆ ರೈತರ ಸಂಕಟವೂ ನಿಜ. ನಮ್ಮ ಗುಡಿ ಗೋಪುರದ ಪಾರಿವಾಳಕ್ಕಿಂತ ಈ ವುಡ್ ಪಿಜನ್ ದೊಡ್ಡದು, ಸುಮಾರು ಅರ್ಧ ಕೆಜಿ ತೂಗುತ್ತದೆ, ಕತ್ತಿನ ಪಕ್ಕ ಬಿಳಿ ಮಚ್ಚೆ. ಚಳಿಗಾಲದಲ್ಲಿ ಬೇರೆ ಮೇವು ಕಮ್ಮಿಯಾದಾಗ ನೂರಾರು ಹಕ್ಕಿಗಳು ಒಟ್ಟಿಗೆ ರೇಪ್ ಬೆಳೆಗೆ ಇಳಿದು (ಸಾಸಿವೆ ಜಾತಿಯದೇ, ಎಣ್ಣೆಗೆ ಬೆಳೆಯುವುದು) ಎಲೆ ಕಿತ್ತು ತಿನ್ನುತ್ತವೆ. ಹಕ್ಕಿ ಓಡಿಸಲು ಬರೀ ಸದ್ದು ಮಾಡುವ ಗ್ಯಾಸ್ ಗನ್ ಢಂ ಅಂದರೆ ಸ್ವಲ್ಪ ದಿನ ಹೆದರುತ್ತವೆ, ಆಮೇಲೆ ಅದರ ಪಕ್ಕದಲ್ಲೇ ಮೇಯುತ್ತವೆ!

ಹೊಡೆಯುವುದೂ ಸುಲಭ ಅಲ್ಲ. ಬೇಲಿ ಪಕ್ಕ ಬಲೆ ಕಟ್ಟಿ ಮರೆ ಮಾಡಿಕೊಂಡು, ಮುಂದೆ ಪ್ಲಾಸ್ಟಿಕ್ ಪಾರಿವಾಳಗಳನ್ನು ಲಾಳದ ಆಕಾರದಲ್ಲಿ ಇಡುತ್ತಾರೆ, ನಡುವೆ ಖಾಲಿ ಜಾಗ ಬಿಟ್ಟು, ಯಾಕಂದರೆ ಹಕ್ಕಿ ಗಾಳಿಗೆ ಎದುರಾಗಿ ಹಾರಿಬಂದು ಆ ಖಾಲಿ ಜಾಗದಲ್ಲೇ ಇಳಿಯಲು ನೋಡುತ್ತದೆ. ಅದರ ಕಣ್ಣು ಬಹಳ ಚುರುಕು. ಮರೆಯಿಂದ ಮುಖ ಸ್ವಲ್ಪ ಎತ್ತಿದರೂ ತಿರುಗಿಕೊಂಡು ಹೋಗುತ್ತದೆ.

ಸುಮ್ನೆ ಹೊಡೆಯುವ ಹಾಗೂ ಇಲ್ಲ. ಬಂದೂಕಿಗೆ ಪೊಲೀಸರ ಸರ್ಟಿಫಿಕೇಟ್ ಬೇಕು, ಜೊತೆಗೆ ಸರ್ಕಾರದ ಜನರಲ್ ಲೈಸೆನ್ಸಿನ (ಒಬ್ಬೊಬ್ಬರೂ ಅರ್ಜಿ ಹಾಕದೆ, ಬೆಳೆ ಕಾಯುವಂಥ ಕಾರಣಕ್ಕೆ ಹೊಡೆಯಲು ಎಲ್ಲರಿಗೂ ಒಟ್ಟಿಗೆ ಕೊಡುವ ಅನುಮತಿ) ಷರತ್ತುಗಳಿವೆ. 2019ರ ಏಪ್ರಿಲ್‌ನಲ್ಲಿ ವೈಲ್ಡ್ ಜಸ್ಟಿಸ್ ಎಂಬ ವನ್ಯಜೀವಿ ಪರ ಸಂಘಟನೆ ಕಾನೂನು ಸವಾಲು ಹಾಕಿದ್ದರಿಂದ ಆ ಲೈಸೆನ್ಸ್‌ಗಳನ್ನು ದಿಢೀರ್ ವಾಪಸ್ ಪಡೆದರು. ರೈತರು ಸಿಟ್ಟಾದರು, ಕೆಲವೇ ವಾರಗಳಲ್ಲಿ ಹೊಸದು ಬಂತು. ನನ್ನ ಪ್ರಕಾರ ಸವಾಲು ಹಾಕಿದ್ದು ಸರಿ. ಕಾಯಲು ಬೆಳೆಯೇ ಇಲ್ಲದ ಕಡೆ ಹೊಡೆದರೆ ಅದು ಬರೀ ಬೇಟೆ, ಅಲ್ವಾ?

ಅಂದಹಾಗೆ, ಹೊಡೆದ ಹಕ್ಕಿಯ ಎದೆ ಮಾಂಸ ಅಲ್ಲಿ ಅಂಗಡಿಗಳಲ್ಲೂ ಸಿಗುತ್ತದೆ. ತಿನ್ನುವಾಗ ಛರ್ರೆ (ಬಂದೂಕಿನ ಸಣ್ಣ ಗುಂಡು) ಹಲ್ಲಿಗೆ ಸಿಗದ ಹಾಗೆ ನೋಡಿಕೊಳ್ಳಬೇಕು.