ಕಡಲತೀರದಲ್ಲಿ ಪ್ರಪೋಸ್ ಮಾಡುವುದಿದ್ದರೆ ಮೊದಲು ಭರತ-ಇಳಿತ ನೋಡಿ

ಹೋದ ಭಾನುವಾರ ಸಂಜೆ 6 ಗಂಟೆಗೆ ಮಲ್ಪೆಗೆ ಹೋಗಿ ಜಾಗ ನೋಡಿಕೊಂಡು ಬಂದಿರಿ ಅಂದುಕೊಳ್ಳಿ. ನೀರು ದೂರ ಸರಿದಿತ್ತು, ಒದ್ದೆ ಮರಳು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಈ ಭಾನುವಾರ ಅದೇ ಹೊತ್ತಿಗೆ ಅವಳನ್ನು ಕರೆದುಕೊಂಡು ಹೋದರೆ ಅದೇ ಜಾಗದಲ್ಲಿ ಅಲೆ ಒಡೆಯುತ್ತಿರುತ್ತದೆ. ಭರತ ಬರುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಭರತಕ್ಕೂ ಇಳಿತಕ್ಕೂ ನಡುವಿನ ಅಂತರವೂ ಸುಮಾರು ಅಷ್ಟೇ ಆದ್ದರಿಂದ ಇಳಿತ ಇದ್ದ ಹೊತ್ತಿಗೆ ಸರಿಯಾಗಿ ಭರತ ಬಂದು ಕೂತಿರುತ್ತದೆ! ಹಾಗಾಗಿ ಜಾಗ ನೋಡಲು ಹೋಗುವುದಾದರೆ ಒಂದು ವಾರ ಮೊದಲು ಬೇಡ, 14-15 ದಿನ ಮೊದಲು ಹೋಗಿ. ಆಗ ನೀರು ಹೆಚ್ಚುಕಡಿಮೆ ಅದೇ ಗೆರೆಯಲ್ಲಿರುತ್ತದೆ. ಮಂಗಳೂರು, ಮಲ್ಪೆ, ಕಾರವಾರದ ಭರತ-ಇಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು ಅನ್ನುವುದು ನೆನಪಿರಲಿ.

ಇನ್ನು ಮುಂದೆ ಹೇಳುವುದೆಲ್ಲ ಹುಡುಗ ಕೇಳುವ ಹಾಗೆ ಬರೆದಿದ್ದೇನೆ. ಹುಡುಗಿಯೇ ಕೇಳುವುದಾದರೂ ಲೆಕ್ಕ ಇದೇ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಯಾವಾಗ ಕೇಳುತ್ತೀರಿ, ಎಲ್ಲಿ ಕೇಳುತ್ತೀರಿ ಅನ್ನುವುದಷ್ಟೇ ಅವಳಿಗೆ ಸರ್‌ಪ್ರೈಸ್ ಆಗಬೇಕು. ಮದುವೆಯ ವಿಚಾರವೇ ಸರ್‌ಪ್ರೈಸ್ ಆಗಬಾರದು. ಇಬ್ಬರ ಮನೆಯವರು ಏನನ್ನುತ್ತಾರೆ, ಕೆಲಸ ಯಾವ ಊರಿನಲ್ಲಿ, ಅವಳ ಓದು ಮುಗಿಯುವುದು ಯಾವಾಗ, ಇವನ್ನೆಲ್ಲ ಮೊದಲೇ ಕೂತು ಮಾತಾಡಿರಬೇಕು. ನೂರು ಜನ ಮೊಬೈಲ್ ಹಿಡಿದು ಸುತ್ತ ನಿಂತ ಕಡೆ ಕೇಳಿದರೆ ಅವಳಿಗೆ 'ಸ್ವಲ್ಪ ಯೋಚಿಸ್ತೀನಿ' ಅನ್ನಲೂ ದಾರಿ ಇರುವುದಿಲ್ಲ. ಅದು ಪ್ರೀತಿಯಲ್ಲ, ಒತ್ತಾಯ. ಆದ್ದರಿಂದ ಭಾನುವಾರದ ಮಲ್ಪೆ, ಪಣಂಬೂರು ಬೇಡವೇ ಬೇಡ. ಮಂಗಳವಾರವೋ ಬುಧವಾರವೋ ಅರ್ಧ ದಿನ ರಜೆ ಹಾಕಿ, ಚರುಮುರಿ ಗಾಡಿಗಳಿಂದ ಒಂದು ಫರ್ಲಾಂಗು ಆಚೆ ನಡೆದರೆ ಸಾಕು, ತೀರ ಖಾಲಿ.

ಜಾಗಗಳ ಬಗ್ಗೆ ಎರಡು ಮಾತು. ಗೋಕರ್ಣದ ಕುಡ್ಲೆ ಚೆನ್ನಾಗಿದೆ, ಮರಳು ಸಮತಟ್ಟು, ಎರಡೂ ಬದಿ ಗುಡ್ಡದ ಮರೆ. ಹಾಫ್ ಮೂನ್, ಪ್ಯಾರಡೈಸ್ ತೀರಗಳು ಇನ್ನೂ ಏಕಾಂತ, ಆದರೆ ಕತ್ತಲಾದ ಮೇಲೆ ಬಂಡೆಗಳ ಕಾಲುದಾರಿಯಲ್ಲಿ ವಾಪಸ್ ಬರುವುದು ಅಪಾಯ. ಸೇಂಟ್ ಮೇರೀಸ್ ದ್ವೀಪದಲ್ಲಿ ಸೂರ್ಯಾಸ್ತದ ಆಸೆ ಇಟ್ಟುಕೊಳ್ಳಬೇಡಿ, ಸಂಜೆ ಬೋಟು ಹತ್ತಲೇಬೇಕು. ಕಾಪುವಿನಲ್ಲಿ 1901ರ ದೀಪಸ್ತಂಭ ಹಿನ್ನೆಲೆಗೆ ಬಹಳ ಚಂದ. ಬಂಡೆಯ ಮೇಲೆ ಮಾತ್ರ ಮಂಡಿಯೂರಬೇಡಿ, ಪಾಚಿಗೆ ಕಾಲು ಜಾರುತ್ತದೆ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನೋಡಲು ಅದಕ್ಕೆ ಸಾಟಿಯಿಲ್ಲ. ಆದರೆ ಅಲೆ ಜೋರು, ದಂಡೆಯುದ್ದಕ್ಕೂ ಕಲ್ಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ತೀರವೂ ಬೇಡ.

ಈಗ ಬೆಳಕು. ಉಡುಪಿಯ ಕಡೆ ನವೆಂಬರ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಸುಮಾರು 6ಕ್ಕೆ, ಫೆಬ್ರವರಿ ಮಧ್ಯದಲ್ಲಿ 6.40ರ ಹತ್ತಿರ. ಸೂರ್ಯ ನೀರು ಮುಟ್ಟುವ ಕ್ಷಣಕ್ಕೇ ಕೇಳಬೇಕು ಅಂತ ಕಾದವರು ಮೋಸ ಹೋಗುತ್ತಾರೆ. ಚಳಿಗಾಲದಲ್ಲಿ ಕಡಲಂಚಿನಲ್ಲಿ ಮಬ್ಬು ಕವಿದಿರುತ್ತದೆ, ಸೂರ್ಯ ಎಷ್ಟೋ ಸಲ ಹತ್ತು ನಿಮಿಷ ಮೊದಲೇ ಅದರೊಳಗೆ ಕರಗಿಹೋಗುತ್ತಾನೆ. ಮುಳುಗಿದ ಮೇಲೆ ಇಪ್ಪತ್ತೇ ನಿಮಿಷ, ಕತ್ತಲು. ಸೂರ್ಯಾಸ್ತಕ್ಕೆ 25 ನಿಮಿಷ ಇರುವಾಗ ಕೇಳಿಬಿಡಿ. ಫೋಟೋ ತೆಗೆಯುವ ಗೆಳೆಯ ದಡದ ಕಡೆ ನಿಂತರೆ ನೀವಿಬ್ಬರೂ ಕಪ್ಪು ನೆರಳಾಗಿ ಕಾಣುತ್ತೀರಿ, ಹಿಂದೆ ಬಂಗಾರದ ನೀರು. ಮುಖ ಕಾಣಬೇಕು, ಅವಳ ಕಣ್ಣು ಕಾಣಬೇಕು ಅಂದರೆ ಅವನು ನೀರಿನ ಕಡೆ ನಿಲ್ಲಬೇಕು, ಪ್ಯಾಂಟು ಮಡಚಿಕೊಂಡು. ಸಾಧ್ಯವಾದರೆ ಇಬ್ಬರನ್ನು ನಿಲ್ಲಿಸಿ. ಒಂದು ಸನ್ನೆ ಮೊದಲೇ ಮಾತಾಡಿಕೊಂಡಿರಿ, ಕನ್ನಡಕ ತೆಗೆದು ಜೇಬಿಗಿಟ್ಟರೆ ವಿಡಿಯೊ ಶುರು ಅಂತ. ಡ್ರೋನ್ ಯೋಚನೆ ಬಿಟ್ಟುಬಿಡಿ. ಕಾರವಾರದಲ್ಲಿ ನೌಕಾನೆಲೆ ಇದೆ, ಪಣಂಬೂರಿನಲ್ಲಿ ಬಂದರು. ಡ್ರೋನಿನ ಸದ್ದಿಗೆ ಗುಟ್ಟೂ ಉಳಿಯುವುದಿಲ್ಲ.

ಮಧ್ಯಾಹ್ನದಿಂದ ಸಂಜೆಯವರೆಗೆ ಕಡಲ ಕಡೆಯಿಂದ ಗಾಳಿ ಬೀಸುತ್ತಲೇ ಇರುತ್ತದೆ. ಮೇಣದಬತ್ತಿ ನಿಲ್ಲುವುದಿಲ್ಲ, ಗುಲಾಬಿ ಎಸಳು ಹಾರಿಹೋಗುತ್ತವೆ. ಬಲೂನು, ಪ್ಲಾಸ್ಟಿಕ್ ಚೂರು ಕಡಲಿಗೆ ಬೀಳುತ್ತವೆ, ದಯವಿಟ್ಟು ತರಬೇಡಿ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ನಮ್ಮ ತೀರಗಳಿಗೆ ಬರುತ್ತವೆ, ಅಲ್ಲಿ ಬೆಂಕಿ, ಜೋರು ಲೈಟು ಯಾವುದೂ ಸಲ್ಲದು. ಹೂವೇ ಬೇಕೆಂದರೆ ಶಂಕರಪುರ ಮಲ್ಲಿಗೆಯ ಒಂದು ಚೆಂಡು ಸಾಕು. ಬಾಳೆನಾರಿನಲ್ಲಿ ಕಟ್ಟಿದ ಹೂವು ಗಾಳಿಗೆ ಚದುರುವುದಿಲ್ಲ, ಕೇಳಿದ ಮೇಲೆ ಮುಡಿಸಲೂ ಬಹುದು. ಹಿಂದಿನ ದಿನವೇ ಹೂವಿನವರಿಗೆ ಹೇಳಿಡಿ.

ಇನ್ನು ಉಂಗುರ. ಅವಳು ಎಡಗೈಯ ಉಂಗುರ ಬೆರಳಿಗೇ ಹಾಕುವ ಹಳೆಯದೊಂದನ್ನು ಐದು ನಿಮಿಷದ ಮಟ್ಟಿಗೆ ಎತ್ತಿಕೊಂಡು, ಕಾಗದದ ಮೇಲಿಟ್ಟು ಒಳಸುತ್ತನ್ನು ಚೂಪು ಪೆನ್ಸಿಲಿನಿಂದ ಬರೆಯಿರಿ. ಸಾಬೂನಿನ ಮೇಲೆ ಒತ್ತಿ ಅಚ್ಚು ತೆಗೆದರೆ ಇನ್ನೂ ಒಳ್ಳೆಯದು. ಬೇರೆ ಬೆರಳಿನ ಅಳತೆ ತಂದು ಅಂದಾಜು ಮಾಡಬೇಡಿ. ಬಿಸಿಲಿನಲ್ಲಿ ನಡೆದ ಬೆರಳು ಊದಿಕೊಂಡಿರುತ್ತದೆ, ಉಂಗುರ ಗೆಣ್ಣಿನ ಹತ್ತಿರ ತಡೆಯುತ್ತದೆ. ನೂಕಬೇಡಿ, ಮೆಲ್ಲಗೆ ತಿರುಗಿಸುತ್ತಾ ಒಳಗೆ ಬಿಡಿ. ಆಗಲೂ ಹೋಗದಿದ್ದರೆ ಕಿರುಬೆರಳಿಗೆ ಹಾಕಿ.

ಮಂಡಿಯೂರುವ ಜಾಗ: ಒಣ ಮರಳಿನಲ್ಲಿ ಮಂಡಿ ಹೂತು ಮೈ ವಾಲುತ್ತದೆ. ಹತ್ತು ನಿಮಿಷ ಸುಮ್ಮನೆ ನಿಂತು ಅಲೆ ನೋಡಿ, ಅತಿ ಮೇಲೆ ಬಂದ ಅಲೆಯ ನೊರೆಗೆರೆಯಿಂದ ಹತ್ತು ಹೆಜ್ಜೆ ಮೇಲಕ್ಕೆ ಬನ್ನಿ. ಅಲ್ಲಿ ನೆಲ ಗಟ್ಟಿಯಿದ್ದರೆ ಅದೇ ಜಾಗ. ಕ್ಯಾಮೆರಾ ಬದಿಯ ಮಂಡಿ ಕೆಳಗೆ, ಇನ್ನೊಂದು ಮೇಲೆ. ಡಬ್ಬಿಯ ಮುಚ್ಚಳ ನಿಮ್ಮ ಎದೆಯ ಕಡೆ ತೆರೆಯಬೇಕು, ಆಗ ಉಂಗುರ ಅವಳಿಗೆ ಕಾಣುತ್ತದೆ. ಮನೆಯಲ್ಲಿ ಇಪ್ಪತ್ತು ಸಲ ತೆರೆದು ಅಭ್ಯಾಸ ಮಾಡಿ, ಕೈ ನಡುಗುವಾಗ ಅದೇ ಕಾಪಾಡುವುದು. ಒಂದು ಬಿಳಿ ದಾರದಿಂದ ಉಂಗುರವನ್ನು ಡಬ್ಬಿಗೆ ಸಡಿಲ ಕುಣಿಕೆ ಹಾಕಿ, ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ಆದರೂ ಬಿದ್ದರೆ ಇಬ್ಬರೂ ಅಲ್ಲಾಡದೆ ನಿಲ್ಲಿ, ಜಾಗದ ಸುತ್ತ ಬೆರಳಿನಿಂದ ಗೆರೆ ಎಳೆಯಿರಿ, ಗೆಳೆಯನ ಬ್ಯಾಗಿನಲ್ಲಿ ಹಿಟ್ಟಿನ ಜರಡಿ ಇರಲಿ. ಹುಡುಕುವ ಗಡಿಬಿಡಿಯಲ್ಲಿ ಕಾಲಿಟ್ಟರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ.

ಮಾತು ಚಿಕ್ಕದಿರಲಿ, ನೀವಿಬ್ಬರೂ ದಿನಾ ಆಡುವ ಭಾಷೆಯಲ್ಲೇ ಇರಲಿ. ಅಲೆಯ ಸದ್ದಿಗೆ ನಾಲ್ಕು ಅಡಿ ಆಚೆ ಏನೂ ಕೇಳುವುದಿಲ್ಲ, ಅವಳ ಕೈ ಹಿಡಿದೇ ಹೇಳಿ. 'ನನ್ನ ಮದುವೆ ಆಗ್ತೀಯಾ?' ಅಂತ ಕೇಳಿದ ಮೇಲೆ ಸುಮ್ಮನಿರಿ. ಅವಳು ಅತ್ತರೂ, ನಕ್ಕರೂ, ಮಾತಾಡದಿದ್ದರೂ ನೀವು ಮಧ್ಯೆ ಬಾಯಿ ಹಾಕಬೇಡಿ.

ಒಪ್ಪಿದ ಖುಷಿಯಲ್ಲಿ ಇಬ್ಬರೂ ನೀರಿಗೆ ಓಡುತ್ತೀರಿ. ಅದಕ್ಕೆ ಮೊದಲು ಉಂಗುರ ತೆಗೆದು ಡಬ್ಬಿಗೆ ಹಾಕಿ ಗೆಳೆಯನ ಕೈಗೆ ಕೊಡಿ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ, ಆಗಷ್ಟೇ ಬಿಗಿಯಾಗಿದ್ದ ಉಂಗುರ ಒಂದೇ ಅಲೆಗೆ ಜಾರಿ ಹೋಗುತ್ತದೆ.