ಚಿನ್ನಿಯ ಉಸಿರಿನ ಲೆಕ್ಕ

ನಮ್ಮ ಪಾಮರೇನಿಯನ್ ಚಿನ್ನಿಯ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ವಯಸ್ಸಾದ ಸಣ್ಣ ತಳಿಯ ನಾಯಿಗಳಲ್ಲಿ ಇದು ಸಾಮಾನ್ಯ. ಡಾಕ್ಟರು ಮಾತ್ರೆ ಬರೆದುಕೊಟ್ಟ ಮೇಲೆ ಕೇಳಿದೆ, ‘ಮನೇಲಿ ನಾನೇನು ನೋಡ್ಕೋಬೇಕು ಮೇಡಂ?’ ‘ಮಲಗಿದಾಗ ಉಸಿರು ಎಣಿಸಿ’ ಅಂದರು.

ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಬೇಕು. ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ಮತ್ತೆ ಮತ್ತೆ ಅದನ್ನು ದಾಟಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು, ತಕ್ಷಣ ಫೋನ್ ಮಾಡಬೇಕು. ಕನಸು ಕಾಣುತ್ತಾ ಕಾಲು ಆಡಿಸುವಾಗ ಎಣಿಸಬಾರದು, ಲೆಕ್ಕ ತಪ್ಪುತ್ತದೆ.

ಕ್ಲಿನಿಕ್ಕಿನ ಮೇಜಿನ ಮೇಲೆ ಅವಳು ಹೆದರಿ ಏದುಸಿರು ಬಿಡುತ್ತಾಳೆ. ನೆಮ್ಮದಿಯಾಗಿ ನಿದ್ದೆ ಮಾಡುವಾಗ ನೋಡುವವರು ನಾವೇ ಅಲ್ವಾ? ಅದಕ್ಕೇ ದಿನಾ ಎಣಿಸಿ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತೇನೆ. ರಾತ್ರಿ ಕೆಮ್ಮಿದರೆ ಮೊಬೈಲಿನಲ್ಲಿ ವಿಡಿಯೊ ಮಾಡುತ್ತೇನೆ. ಬಾಯಲ್ಲಿ ವಿವರಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಮಾತ್ರೆಯ ಪ್ರಮಾಣವನ್ನು ಮಾತ್ರ ನಾವೇ ಬದಲಿಸಬಾರದು. ಅವಳಿಗೆ ಕೊಡುವ ಫ್ಯೂರೊಸೆಮೈಡ್ ಮಾತ್ರೆ ಮೂತ್ರ ಜಾಸ್ತಿ ಮಾಡಿಸಿ ಶ್ವಾಸಕೋಶದ ನೀರು ಇಳಿಸುತ್ತದೆ. ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ಕುಡಿಯುವ ನೀರಿನ ಬಟ್ಟಲು ಸದಾ ತುಂಬಿರಬೇಕು. ರಾತ್ರಿ ಒಂದೆರಡು ಸಲ ಎದ್ದು ಅವಳನ್ನು ಹೊರಗೆ ಕರೆದುಕೊಂಡು ಹೋಗಬೇಕಾಗುತ್ತದೆ, ಅಷ್ಟೇ.